ಹೊಸ ಮಾನಿಟರ್‌: ಅಕ್ಷರದ ಅಂಚಿಗೆ ಬಣ್ಣ ಬರ್ತಿದೆ, ದುಡ್ಡು ವಾಪಸ್ ಕೊಡಲ್ಲ ಅಂತಾರೆ

ಸುಮ್ನೆ_ಒಬ್ಬ:
ತಲೆ ಕೆಟ್ಟು ಹೋಗಿದೆ. ಆನ್‌ಲೈನ್‌ನಲ್ಲಿ ಮಾನಿಟರ್ ತರಿಸಿದೆ. ಬಿಳಿ ಅಕ್ಷರಗಳ ಮೇಲಂಚಿಗೆ ತೆಳ್ಳಗೆ ಹಸಿರು, ಕೆಳಗೆ ನೇರಳೆ ತರಹದ ಬಣ್ಣ ಕಾಣುತ್ತದೆ. ಕೋಡ್ ಬರೆಯುತ್ತಾ ಕೂತರೆ ಕಣ್ಣು ಉರಿಯುತ್ತದೆ. ತರಿಸುವ ಮೊದಲು ಅಂಗಡಿಗೆ ಹೋಗಿ ಇದೇ ಮಾಡೆಲ್ ನೋಡಿದ್ದೆ, ಅಲ್ಲಿ ಸೂಪರ್ ಆಗಿತ್ತು! ಈಗ ಮಾರಿದವರು "ಬಾಕ್ಸ್ ಓಪನ್ ಆಗಿದೆ, ಬೇಕಿದ್ರೆ ಬೇರೆ ಪೀಸ್ ಕಳಿಸ್ತೀವಿ, ರೀಫಂಡ್ ಇಲ್ಲ" ಅಂತಿದ್ದಾರೆ. ಓಪನ್ ಮಾಡದೆ ನೋಡೋದು ಹೇಗೆ? ಏನು ಮಾಡಲಿ?

ತಂತಿಮಾಂತ್ರಿಕ:
ಕೇಬಲ್. ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಬೇರೆ ಹಾಕಿ.

ಹಳೆಟ್ಯೂಬ್:
ಮಾಡೆಲ್ ಯಾವುದು, ಒಳಗಿನ ಪರದೆ ಅಂದರೆ ಪ್ಯಾನೆಲ್ ಯಾವ ಜಾತಿಯದು, ಯಾವ ಓಎಸ್, ಯಾವ ದೇಶ? ಇದ್ಯಾವುದೂ ಹೇಳದೆ "ಏನು ಮಾಡಲಿ" ಅಂದ್ರೆ ನಾವೇನು ಶಾಸ್ತ್ರ ಹೇಳಬೇಕಾ?

ಸುಮ್ನೆ_ಒಬ್ಬ:
ಒಳ್ಳೆ ಕಂಪನಿದೇ ಸರ್, ರಿವ್ಯೂ ಎಲ್ಲ ಚೆನ್ನಾಗಿದೆ. 27 ಇಂಚು, 1440ಪಿ (2560×1440 ಪಿಕ್ಸೆಲ್). ವಿಂಡೋಸ್. ಕೇಬಲ್ ಬದಲಾಯಿಸಿದೆ, ಹಾಗೇ ಇದೆ.

ತಂತಿಮಾಂತ್ರಿಕ:
ಹಾಕಿದ್ದು ಸರ್ಟಿಫೈಡ್ ಕೇಬಲ್ಲಾ? ಬ್ಯಾಂಡ್‌ವಿಡ್ತ್ ಸಾಲದಿದ್ದರೆ ಸಿಗ್ನಲ್ 4:2:2ಕ್ಕೆ ಇಳಿಯುತ್ತದೆ. ಅಂದರೆ ಅಡ್ಡಸಾಲಿನಲ್ಲಿ ಪಕ್ಕಪಕ್ಕದ ಎರಡು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಹೋಗುತ್ತದೆ, ಅಕ್ಷರದ ಅಂಚು ಕದಡುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆರ್‌ಜಿಬಿ, ಫುಲ್ ರೇಂಜ್ ಇದೆಯಾ ನೋಡಿ.

ಬೆಳ್ಳಿಚುಕ್ಕಿ:
4:2:2 ಆದರೆ ಎಡ-ಬಲ ಅಂಚು ಹಾಳಾಗಬೇಕು ಗುರು, ಇವರು ಹೇಳ್ತಿರೋದು ಮೇಲೆ-ಕೆಳಗೆ. @ಸುಮ್ನೆ_ಒಬ್ಬ, ಒಂದು ಕೆಲಸ ಮಾಡಿ. ಮಾನಿಟರ್‌ನದ್ದೇ ಬಟನ್ ಒತ್ತಿ ಅದರ ಮೆನು ತೆಗೆಯಿರಿ. ಆ ಅಕ್ಷರಗಳನ್ನು ಮಾನಿಟರೇ ಬರೆಯುತ್ತದೆ. ಕಂಪ್ಯೂಟರ್, ಕೇಬಲ್, ವಿಂಡೋಸ್ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ಅಲ್ಲೂ ಹಸಿರು ಕಂಡರೆ ಪ್ಯಾನೆಲ್‌ದೇ ವಿಷಯ.

ಕತ್ತಲೆಕೋಣೆ:
ನಾನಂತೂ ಮೂರು ಸ್ಕ್ರೀನ್ ಇಟ್ಟಿದ್ದೀನಿ, ನಡುವಿಂದು ಕರ್ವ್ಡ್. ಹಿಂದೆ 6500 ಕೆಲ್ವಿನ್ ಲೈಟ್ ಸ್ಟ್ರಿಪ್, ಗೋಡೆಗೆ ಬೂದು ಬಣ್ಣ. ಒಮ್ಮೆ ಕರ್ವ್ಡ್ ಬಳಸಿದವರು ಫ್ಲಾಟ್ ಕಡೆ ತಿರುಗಿ ನೋಡಲ್ಲ.

ಹಳೆಟ್ಯೂಬ್:
ಕರ್ವ್ಡ್‌ನಲ್ಲಿ ನೇರ ಗೆರೆ ಎಳೆದು ತೋರಿಸಿ, ಆಮೇಲೆ ಮಾತಾಡೋಣ.

ಕತ್ತಲೆಕೋಣೆ:
ನಾನೇನು ಸೇತುವೆ ಡಿಸೈನ್ ಮಾಡ್ತೀನಾ? ಫೋಟೋ ಹಾಕ್ತೀನಿ ಇರಿ.

ಸುಮ್ನೆ_ಒಬ್ಬ:
ಮೆನುವಿನಲ್ಲೂ ಇದೆ! "ಬ್ರೈಟ್‌ನೆಸ್" ಅನ್ನೋ ಪದದ ಒಂದೊಂದು ಅಕ್ಷರದ ತಲೆ ಮೇಲೂ ಹಸಿರು ದಾರ ಎಳೆದ ಹಾಗಿದೆ. ಮೊಬೈಲ್ ಹತ್ತಿರ ಹಿಡಿದು ಜೂಮ್ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂದ ಹಾಗೆ ಇದು ಕ್ಯೂಡಿ-ಓಲೆಡ್ ಅನ್ನೋ ಜಾತಿಯ ಪ್ಯಾನೆಲ್. ಅದು ಮುಖ್ಯಾನಾ?

ಬೆಳ್ಳಿಚುಕ್ಕಿ:
ಅದೇ ಮುಖ್ಯ ಮಾರಾಯ್ರೇ! ಮಾಮೂಲಿ ಎಲ್‌ಸಿಡಿಯಲ್ಲಿ ಒಂದೊಂದು ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಪಟ್ಟಿಗಳು ಪಕ್ಕಪಕ್ಕ ನಿಂತಿರುತ್ತವೆ. ಕ್ಯೂಡಿ-ಓಲೆಡ್‌ನಲ್ಲಿ ತ್ರಿಕೋನ: ಹಸಿರು ಮೇಲೆ, ಕೆಂಪು-ನೀಲಿ ಕೆಳಗೆ. ಬಿಳಿ ಅಕ್ಷರ ಶುರುವಾಗುವ ಕಡೆ ಹಸಿರು ಇಣುಕುತ್ತದೆ, ಮುಗಿಯುವ ಕಡೆ ಕೆಂಪು-ನೀಲಿ ಸೇರಿ ನೇರಳೆಯಾಗುತ್ತದೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಅನ್ನೋ ಸೌಲಭ್ಯ ಪಕ್ಕಪಕ್ಕದ ಪಟ್ಟಿ ಇದೆ ಅಂದುಕೊಂಡು ಅಕ್ಷರ ನಯ ಮಾಡುವುದರಿಂದ ಇನ್ನಷ್ಟು ಕೆಡುತ್ತದೆ. ಅದನ್ನು ಆಫ್ ಮಾಡಿ ನೋಡಿ, ಸ್ವಲ್ಪ ಕಡಿಮೆಯಾಗಬಹುದು. 27 ಇಂಚಿಗೆ 1440ಪಿ ಅಂದರೆ ಇಂಚಿಗೆ ಸುಮಾರು 109 ಪಿಕ್ಸೆಲ್. ಅದೇ ಸೈಜಿನ 4ಕೆ ಆದರೆ 163, ಅಂಚು ಅಷ್ಟು ಕಣ್ಣಿಗೆ ಹೊಡೆಯಲ್ಲ.

ಬೇರೆ ಪೀಸ್ ಮಾತ್ರ ತಗೋಬೇಡಿ. ಅದೇ ಪ್ಯಾನೆಲ್, ಅದೇ ತ್ರಿಕೋನ, ಅದೇ ಹಸಿರು. ಬದಲಾಯಿಸಿ ಕೊಟ್ಟಿದ್ದೀವಲ್ಲ ಅಂತ ಅವರು ಕೈ ತೊಳೆದುಕೊಳ್ತಾರೆ.

ತಂತಿಮಾಂತ್ರಿಕ:
ಆದರೂ ಒಂದು ಒಳ್ಳೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡೋದರಲ್ಲಿ ತಪ್ಪೇನು?

ಸುಮ್ನೆ_ಒಬ್ಬ:
ಹಾಗಾದರೆ ಅಂಗಡಿಯಲ್ಲಿ ಯಾಕೆ ಕಾಣಲಿಲ್ಲ?

ಬೆಳ್ಳಿಚುಕ್ಕಿ:
ಅಲ್ಲಿ ಏನು ಓಡುತ್ತಿತ್ತು? ಜಲಪಾತ, ಗಿಳಿ, ನಿಧಾನಕ್ಕೆ ತಿರುಗುವ ಕಾರು, ಅಲ್ವಾ? ಡೆಮೊ ವಿಡಿಯೊದಲ್ಲಿ ಅಕ್ಷರ ಎಲ್ಲಿರುತ್ತದೆ? ಮೇಲಿನ ದೀಪಗಳ ಬೆಳಕಲ್ಲಿ ಐಪಿಎಸ್ ಅನ್ನೋ ಜಾತಿಯ ಎಲ್‌ಸಿಡಿ ಆಗಿದ್ದರೆ ಅದರ ಮೂಲೆಯ ಹೊಳಪೂ ಕಾಣಲ್ಲ. ನೋಡೋಕೆ ಹೋಗುವಾಗ ಲ್ಯಾಪ್‌ಟಾಪ್ ಒಯ್ಯಿರಿ, ಜೋಡಿಸಲು ಬಿಡಿ ಅಂತ ಕೇಳಿ. ನೀವು ದಿನಾ ತೆರೆಯುವ ಫೈಲನ್ನೇ ತೆರೆದು, ಮನೆಯಲ್ಲಿ ಕೂರುವಷ್ಟೇ ದೂರದಿಂದ ಓದಿ. ವಿಎ ಅನ್ನೋ ಇನ್ನೊಂದು ಜಾತಿಯ ಎಲ್‌ಸಿಡಿ ಆದರೆ ಕಪ್ಪು ಹಿನ್ನೆಲೆಯ ಪುಟ ಬೇಗ ಬೇಗ ಸ್ಕ್ರಾಲ್ ಮಾಡಿ, ಅಕ್ಷರಕ್ಕೆ ಬಾಲ ಬರುತ್ತಾ ನೋಡಿ.

ಹಳೆಟ್ಯೂಬ್:
ಎಲ್ಲ ಸರಿ, ದುಡ್ಡಿನ ಮಾತಿಗೆ ಬನ್ನಿ. ದೇಶ ಯಾವುದು ಅಂತ ಇನ್ನೂ ಹೇಳಿಲ್ಲ.

ತಂತಿಮಾಂತ್ರಿಕ:
ಆನ್‌ಲೈನ್ ಅಂದಮೇಲೆ ವಾಪಸ್ ಕೊಡೋಕೆ ಎಲ್ಲಾ ಕಡೆ 14 ದಿನ ಇದ್ದೇ ಇರುತ್ತೆ.

ಹಳೆಟ್ಯೂಬ್:
ಇಲ್ಲ ಸ್ವಾಮಿ. ಅದು ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನ, ಬ್ರಿಟನ್ನಿನಲ್ಲೂ ಹಾಗೇ. ಅಲ್ಲಿ ಮಾಲು ಕೈಗೆ ಬಂದು 14 ದಿನದೊಳಗೆ ಬೇಡ ಅಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಬಾಕ್ಸ್ ತೆರೆದು ನೋಡಿದ್ದು ತಪ್ಪಲ್ಲ. ಆದರೆ ಅಂಗಡಿಯಲ್ಲಿ ನೋಡುವಷ್ಟು ನೋಡಬಹುದು, ಅದಕ್ಕಿಂತ ಜಾಸ್ತಿ ಬಳಸಿ ಬೆಲೆ ಇಳಿದರೆ ಕಡಿತ ಮಾಡಬಹುದು. ಕಳಿಸುವ ಖರ್ಚು ಸಾಮಾನ್ಯವಾಗಿ ನಮ್ಮದೇ.

ಭಾರತದ 2020ರ ಇ-ಕಾಮರ್ಸ್ ನಿಯಮ ಬೇರೆ. ಮಾಲು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. "ಇಷ್ಟ ಆಗಲಿಲ್ಲ" ಅನ್ನೋದು ಅದರಲ್ಲಿಲ್ಲ, ಅದು ಮಾರುವವರ ಪಾಲಿಸಿಗೆ ಬಿಟ್ಟಿದ್ದು. ಅಮೆರಿಕದ 3 ದಿನದ ಕೂಲಿಂಗ್-ಆಫ್ (ಕೊಂಡ ಮೇಲೆ ಮನಸ್ಸು ಬದಲಾಯಿಸುವ) ನಿಯಮವೂ ಆನ್‌ಲೈನ್ ಖರೀದಿಗೆ ಬರಲ್ಲ.

ಬೆಳ್ಳಿಚುಕ್ಕಿ ಹೇಳಿದ್ದು ಸರಿಯಾದರೆ ಇದು ದೋಷ ಅಲ್ಲ, ಆ ಪ್ಯಾನೆಲ್ಲೇ ಹಾಗೆ. 14 ದಿನದ ದೇಶದಲ್ಲಿದ್ದರೆ ವಾದ ಮಾಡದೆ ಇವತ್ತೇ "ಬೇಡ" ಅಂತ ಬರಹದಲ್ಲಿ ಕಳಿಸಿ. ಇಲ್ಲದಿದ್ದರೆ ಕೊಂಡ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ರಿಟರ್ನ್ ಬಗ್ಗೆ ಅಲ್ಲಿ ಏನು ಬರೆದಿದ್ದಾರೆ ಅಂತ ಸಾಲು ಸಾಲಾಗಿ ಓದಿ. ಥರ್ಮೋಕೋಲ್, ಕವರ್, ಸ್ಟ್ಯಾಂಡ್ ಸ್ಕ್ರೂ ಯಾವುದನ್ನೂ ಎಸೆಯಬೇಡಿ.

ಸುಮ್ನೆ_ಒಬ್ಬ:
ಥರ್ಮೋಕೋಲ್ ಇದೆ. ಕವರ್ ನಮ್ಮ ಬೆಕ್ಕಿನ ಹತ್ತಿರ ಇದೆ. ಪಾಲಿಸಿ ಓದಿ ಬರ್ತೀನಿ.

ಹೊಸಬ_ಇಲ್ಲಿ:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದರಲ್ಲಿ ಒಂದೇ ಒಂದು ಪಿಕ್ಸೆಲ್ ಸತ್ತಿದೆ. ಅದಕ್ಕೆ ಬದಲಾಯಿಸಿ ಕೊಡ್ತಾರಾ?

ಬೆಳ್ಳಿಚುಕ್ಕಿ:
1440ಪಿಯಲ್ಲಿ 36,86,400 ಪಿಕ್ಸೆಲ್. ಒಂದೆರಡು ಸತ್ತರೆ ದೋಷ ಅಂತ ಲೆಕ್ಕಕ್ಕೇ ತಗೊಳ್ಳದ ಕಂಪನಿಗಳಿವೆ. ವಾರಂಟಿಯಲ್ಲಿ ಪಿಕ್ಸೆಲ್ ಪಾಲಿಸಿ ಹುಡುಕಿ. ಹೊಸ ಎಳೆ ಶುರು ಮಾಡಿ, ಅಲ್ಲಿ ನೋಡೋಣ.

ತಂತಿಮಾಂತ್ರಿಕ:
@ಹೊಸಬ_ಇಲ್ಲಿ, ಯಾವ ಕೇಬಲ್ ಹಾಕಿದ್ದೀರಿ?