ಪದಚರ್ಚೆ: ‘ಫ್ರೆಸ್ಕೊ’ಗೆ ಕನ್ನಡ ಬೇಕು, ಬುಧವಾರ ಸಂಜೆಯೊಳಗೆ

ಫ್ಲಾರೆನ್ಸಿನಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಮೈಸೂರು ಕಡೆಯಿಂದ ಬರುತ್ತಿರುವ ಪ್ರವಾಸಿ ತಂಡವೊಂದನ್ನು ಗುರುವಾರ ಬೆಳಿಗ್ಗೆ ಇಲ್ಲಿಯ ಸಾಂತಾ ಮರಿಯಾ ನೊವೆಲ್ಲಾ ಚರ್ಚಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಚ್ಚಿನವರು ನಿವೃತ್ತರು. ಅವರ ಕೈಗೆ ಕೊಡಲು ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಮುದ್ರಣದ ಅಂಗಡಿ ಬುಧವಾರ ಸಂಜೆ ಆರಕ್ಕೆ ಬಾಗಿಲು ಹಾಕುತ್ತದೆ.

ಹೊರಗೋಡೆಯ ಬಗ್ಗೆ ತೊಂದರೆಯಿಲ್ಲ. ಬಿಳಿ, ಹಸಿರು ಅಮೃತಶಿಲೆಯ ಮುಂಭಾಗ, ಅಲ್ಬೆರ್ತಿಯ ವಿನ್ಯಾಸ, ನೆತ್ತಿಯಲ್ಲಿ 1470 ಎಂಬ ರೋಮನ್ ಅಂಕಿ. ಒಳಗೆ ಕಾಲಿಟ್ಟರೆ ಚರ್ಚಿನ ನಡುಭಾಗದ ಮೇಲೆ ಜೊತ್ತೊನ ದೊಡ್ಡ ಶಿಲುಬೆ ತೂಗುತ್ತಿರುತ್ತದೆ. ಅದನ್ನೂ ಬರೆದೆ. ಎಡಗೋಡೆಯ ಮುಂದೆ ನಿಂತಾಗ ಪೆನ್ನು ನಿಂತಿತು. ಅಲ್ಲಿರುವುದು ಮಸಾಚ್ಚೊ ಬರೆದ ‘ತ್ರಿತ್ವ’ ಎಂಬ ಗೋಡೆಯ ಚಿತ್ರ. ಕಾಲ 1425ರಿಂದ 1427ರ ಆಸುಪಾಸು. ಗೋಡೆಯನ್ನು ಕೊರೆದು ಒಳಗೊಂದು ಕಮಾನಿನ ಕೋಣೆ ಕಟ್ಟಿದ್ದಾರೆ ಎಂದೇ ಕಣ್ಣು ನಂಬುತ್ತದೆ. ಕೆಳಗೆ ಕಲ್ಲುಪೆಟ್ಟಿಗೆಯ ಮೇಲೆ ಮಲಗಿರುವ ಅಸ್ಥಿಪಂಜರ ನೋಡುವವರಿಗೆ ಹೇಳುತ್ತದೆ: ‘ನೀವೀಗ ಏನಾಗಿದ್ದೀರೋ ನಾನೂ ಅದೇ ಆಗಿದ್ದೆ, ನಾನೀಗ ಏನಾಗಿದ್ದೇನೋ ನೀವೂ ಅದೇ ಆಗುವಿರಿ.’ ಇದನ್ನು ಬರೆದವನು ಮೂವತ್ತು ತುಂಬುವ ಮೊದಲೇ, 1428ರಲ್ಲಿ, ತೀರಿಕೊಂಡ. ಪ್ರತಿ ಸಲ ಹೋದಾಗಲೂ ಅಲ್ಲಿಂದ ಬೇಗ ಕಾಲು ಕೀಳಲು ನನಗೆ ಆಗುವುದಿಲ್ಲ.

ಇದು ‘ಫ್ರೆಸ್ಕೊ’. ಕನ್ನಡದಲ್ಲಿ ಏನೆನ್ನಲಿ? ಜೊತೆಗೆ ಇನ್ನೊಂದು: ಚರ್ಚಿನ ಒಳಗೇ ಶ್ರೀಮಂತ ಮನೆತನಗಳು ಕಟ್ಟಿಸಿಕೊಂಡ ಚಿಕ್ಕ ಚಾಪೆಲ್‌ಗಳಿಗೆ ಏನೆನ್ನಲಿ? ದಯವಿಟ್ಟು ಬೇಗ ತಿಳಿಸಿ.

———

ಮೈಸೂರಿನಿಂದ, ಬುಧವಾರ ಬೆಳಿಗ್ಗೆ

ಭಿತ್ತಿಚಿತ್ರ. ನೂರು ಸಲ ಅಚ್ಚಾಗಿರುವ ಪದ. ಇಷ್ಟಕ್ಕೆ ಇಷ್ಟುದ್ದದ ಪತ್ರವೇ?

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಗೋಡೆಯನ್ನು ಚಿತ್ರಕ್ಕೆ ಹದಗೊಳಿಸುವ ಬಗೆಯನ್ನು ವಿವರವಾಗಿ ಹೇಳಿದ್ದಾನೆ. ನಿಮ್ಮ ಮಸಾಚ್ಚೊ ಹುಟ್ಟುವುದಕ್ಕೆ ಇನ್ನೂ ಇನ್ನೂರೈವತ್ತು ವರ್ಷಗಳಿದ್ದವು. ನಮ್ಮಲ್ಲಿ ಇರುವುದನ್ನು ಇಟಲಿಯಿಂದ ತರಬೇಕಾಗಿಲ್ಲ.

ಚಾಪೆಲ್‌ಗೆ ‘ಉಪಗರ್ಭಗುಡಿ’ ಎನ್ನಬಹುದು. ಆ ಮುಖ್ಯಚಿತ್ರಕ್ಕೆ ‘ತ್ರಿಮೂರ್ತಿ’ ಎಂದರೆ ಪ್ರವಾಸಿಗರಿಗೆ ಕೂಡಲೇ ಅರ್ಥವಾಗುತ್ತದೆ.

———

ಫ್ಲಾರೆನ್ಸಿನಿಂದ

ಮೇಷ್ಟ್ರೇ, ಧನ್ಯವಾದ. ಆದರೆ ಭಿತ್ತಿಚಿತ್ರ ಎಂದರೆ ಗೋಡೆಯ ಮೇಲಿರುವ ಯಾವ ಚಿತ್ರವೂ ಆಗುತ್ತದೆ. ನನಗೆ ಬೇಕಾದದ್ದು ಗಾರೆ ಒದ್ದೆಯಾಗಿರುವಾಗಲೇ ಬರೆದದ್ದಕ್ಕೆ. ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆಯ ಊಟದ ಮನೆಯಲ್ಲಿ ಲಿಯೊನಾರ್ಡೊ ಬರೆದ ‘ಕೊನೆಯ ಭೋಜನ’ ಭಿತ್ತಿಚಿತ್ರ ಹೌದು, ಫ್ರೆಸ್ಕೊ ಅಲ್ಲ. ಆತ ಒಣಗೋಡೆಯ ಮೇಲೆ ನಿಧಾನವಾಗಿ ತಿದ್ದುತ್ತಾ ಬರೆದ. ಬಣ್ಣ ಆತನ ಕಾಲದಲ್ಲೇ ಉದುರಲು ತೊಡಗಿತು. ಈ ವ್ಯತ್ಯಾಸವನ್ನೇ ಹೇಳದಿದ್ದರೆ ನನ್ನ ನಾಲ್ಕು ಪುಟಕ್ಕೆ ಬೆಲೆ ಏನು?

ಮಾನಸೋಲ್ಲಾಸದ ಗೋಡೆಗೆ ವಜ್ರಲೇಪ ಬೇಕು, ಅಲ್ಲವೇ? ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ಅಂಟು. ಅಂಟು ಬೇಕಾದರೆ ಅದು ಫ್ರೆಸ್ಕೊ ಆಗಲಾರದು. ಅಜಂತವೂ ಅಷ್ಟೆ, ಒಣಗಿದ ಗೋಡೆಯ ಮೇಲಿನ ಚಿತ್ರ.

‘ತ್ರಿಮೂರ್ತಿ’ ಬೇಡ. ಅಲ್ಲಿರುವುದು ತಂದೆ, ಮಗ, ಪವಿತ್ರಾತ್ಮ.

———

ಶಿವಮೊಗ್ಗದಿಂದ

‘ಭ’ ಅಕ್ಷರ ಬಾಯಲ್ಲಿ ಹೊರಡದ ಕೋಟಿ ಕನ್ನಡಿಗರಿದ್ದಾರೆ. ಅವರಿಗಾಗಿ ಹೇಳುತ್ತೇನೆ: ಹಸಿಗೋಡೆತಿಟ್ಟ.

‘ಹಸಿ’ ಹಳಗನ್ನಡದ ‘ಪಸಿ’. ‘ಪಸುರ್’, ಅಂದರೆ ಹಸಿರು, ಹುಟ್ಟಿದ್ದೂ ಅದೇ ಬೇರಿನಿಂದ. ತಮಿಳಿನಲ್ಲೂ ನೋಡಿ, ‘ಪಚ್ಚೈ’ ಎಂದರೆ ಹಸಿಯೂ ಹೌದು, ಹಸಿರೂ ಹೌದು. ಇಟಲಿಯವರ ‘ಫ್ರೆಸ್ಕೊ’ಗೆ ಹೊಸತು, ತಾಜಾ, ತಂಪು ಎಂಬ ಅರ್ಥಗಳು. ಬರುವುದು ಹಳೆಯ ಜರ್ಮಾನಿಕ್ ಮೂಲದಿಂದ. ಇಂಗ್ಲಿಷಿನ ‘ಫ್ರೆಶ್’ ಅದರ ಒಡಹುಟ್ಟು. ಅವರಲ್ಲಿ ಒಬ್ಬನನ್ನು ‘ತಂಪಿನಲ್ಲಿ ಇಟ್ಟರು’ ಎಂದರೆ ಜೈಲಿಗೆ ಹಾಕಿದರು ಎಂದರ್ಥ. ನಮ್ಮ ಹಸಿಗೆ ಅಂತಹ ಕಳಂಕವಿಲ್ಲ.

———

ಬೆಂಗಳೂರಿನಿಂದ

‘ಹಸಿಸುಳ್ಳು’ ಎಂಬ ಮಾತು ಶಿವಮೊಗ್ಗದಲ್ಲಿ ಇಲ್ಲವೇ?

‘ತಿಟ್ಟ’ ಎಂದು ಕಂಡರೆ ಓದುಗರು ದಿಬ್ಬ ಎಂದುಕೊಳ್ಳುತ್ತಾರೆ, ಇಲ್ಲವೇ ತೆಂಕೋ ಬಡಗೋ ಎಂದು ಕೇಳುತ್ತಾರೆ. ಪತ್ರಿಕೆಯ ಮೇಜಿನಲ್ಲಿ ಇಪ್ಪತ್ತು ವರ್ಷ ಕುಳಿತವನು ಹೇಳುತ್ತಿದ್ದೇನೆ, ‘ಫ್ರೆಸ್ಕೊ’ ಎಂದೇ ಬಿಡಿ. ಪಿಯಾನೊ, ಸ್ಟುಡಿಯೊ ಎರಡೂ ಅಲ್ಲಿಂದಲೇ ಬಂದವು. ಕೆಟ್ಟ ಗಾಳಿ ಎಂಬ ಅರ್ಥದ ಇಟಾಲಿಯನ್ ಮಾತನ್ನು ‘ಮಲೇರಿಯ’ ಎಂದು ಚಳಿಜ್ವರದ ಸಮೇತ ಒಳಗೆ ಬಿಟ್ಟುಕೊಂಡವರು ನಾವು. ಒಂದು ಒಳ್ಳೆಯ ಚಿತ್ರ ಬಂದಾಗ ಮಾತ್ರ ಬಾಗಿಲು ಹಾಕಬೇಕೇ?

———

ಮಂಗಳೂರಿನಿಂದ

ಫ್ರೆಸ್ಕೊ ಹಾಗಿರಲಿ, ನೀವೆಲ್ಲರೂ ‘ಚರ್ಚ್’ ಎಂದು ಬರೆಯುತ್ತಿರುವುದು ಸರಿಯೇ? ಕರಾವಳಿಯಲ್ಲಿ ‘ಇಗರ್ಜಿ’ ಇದೆ. ಕೊಂಕಣಿಯ ದಾರಿಯಲ್ಲಿ ಪೋರ್ಚುಗೀಸರ ‘ಇಗ್ರೇಜಾ’ದಿಂದ ಬಂದದ್ದು, ಅದರ ಹಿಂದಿರುವುದು ಗ್ರೀಕಿನ ‘ಎಕ್ಲೇಸಿಯಾ’. ಇಟಲಿಯವರ ‘ಕಿಯೇಜಾ’ ಕೂಡ ಅದೇ ಮಾತಿನ ಮಗಳು. ಅಂದರೆ ಸಾಂತಾ ಮರಿಯಾ ನೊವೆಲ್ಲಾಕ್ಕೆ ಇಗರ್ಜಿ ಎಂದರೆ ಅಕ್ಕತಂಗಿಯರ ಹೆಸರು ಹೇಳಿದಂತೆ. ‘ಚರ್ಚ್’ ಬೇರೆಯೇ ಗ್ರೀಕ್ ಪದದ ಸಂತಾನ.

ಉಪಗರ್ಭಗುಡಿ ಎಂದರೆ ನಮ್ಮ ಪಾದ್ರಿಗಳು ನಗುತ್ತಾರೆ. ‘ಚಾಪೆಲ್’ ಎಂದೇ ಬಿಡಿ. ಸಂತ ಮಾರ್ಟಿನನ ಮೇಲಂಗಿಯನ್ನು, ‘ಕಪ್ಪೆಲ್ಲಾ’ವನ್ನು, ಕಾಪಾಡಿ ಇಟ್ಟ ಜಾಗದಿಂದ ಬಂದ ಹೆಸರು ಅದು. ನಮ್ಮ ಕಪ್ಪೆಗೂ ಅದಕ್ಕೂ ಸಂಬಂಧವಿಲ್ಲ, ಶಿವಮೊಗ್ಗದವರು ಗಮನಿಸಬೇಕು.

ಇಟಲಿಯ ಚಿತ್ರ ನೋಡಲು ಇಟಲಿಗೇ ಹೋಗಬೇಕಿಲ್ಲ ಎಂದೂ ನಿಮ್ಮ ಪುಟದಲ್ಲಿ ಬರೆಯಿರಿ. ನಮ್ಮ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡುಗಳನ್ನು ತುಂಬಿದವರು ಬೆರ್ಗಮೊ ಬಳಿಯ ಸ್ತೆತ್ಸಾನೊ ಊರಿನ ಅಂತೋನಿಯೊ ಮೊಸ್ಕೆನಿ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಂದ ಜೆಸ್ವಿಟ್ ಸಹೋದರ. ಹಸಿಗಾರೆಯ ಕೆಲಸವೂ ಅಲ್ಲಿದೆ, ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದದ್ದೂ ಇದೆ.

———

ಶಿವಮೊಗ್ಗದಿಂದ

ಇಗರ್ಜಿ, ಪಾದ್ರಿ, ಜನೇಲು, ಚಾವಿ. ಇನ್ನೇನು ಉಳಿಯಿತು ಕರಾವಳಿಯ ಕನ್ನಡದಲ್ಲಿ? ಕೇಳಿದ್ದು ಒಂದು ಪದ, ಸಿಕ್ಕಿದ್ದು ಹಡಗು ತುಂಬಾ ಪೋರ್ಚುಗೀಸ್.

‘ತಿಟ್ಟ’ ಬೇಡವಾದರೆ ‘ಹಸಿಸುಣ್ಣದ ಬರಹ’ ಎನ್ನಿ. ಅಚ್ಚಗನ್ನಡ.

———

ಮೈಸೂರಿನಿಂದ

‘ಸುಣ್ಣ’ ಸಂಸ್ಕೃತದ ‘ಚೂರ್ಣ’ದ ತದ್ಭವ. ಅಚ್ಚಗನ್ನಡದ ಗೋಡೆಗೆ ಬಳಿಯುವ ಮುಂಚೆ ನೋಡಿಕೊಳ್ಳಬೇಕಿತ್ತು.

———

ಶಿವಮೊಗ್ಗದಿಂದ

ಬಂದು ಸಾವಿರ ವರ್ಷವಾಗಿ, ನಮ್ಮ ಬಾಯಲ್ಲಿ ಅರಳಿದ ಮೇಲೆ ಅದು ನಮ್ಮದೇ.

———

ಬೆಂಗಳೂರಿನಿಂದ

ಹಾಗಾದರೆ ಫ್ರೆಸ್ಕೊಗೆ ಎಷ್ಟು ವರ್ಷ ಕಾಯಬೇಕು? ದಿನಾಂಕ ಹೇಳಿದರೆ ನಮ್ಮ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

———

ಧಾರವಾಡದಿಂದ, ಬುಧವಾರ ಮಧ್ಯಾಹ್ನ

ಕೇಳಿದ ಹುಡುಗಿಗೆ ಸಂಜೆ ಆರರ ಗಡುವು ಇದೆ ಎಂಬುದು ಯಾರಿಗಾದರೂ ನೆನಪಿದೆಯೇ?

ತಂಗೀ, ‘ಹಸಿಗಾರೆ ಚಿತ್ರ’ ಎಂದು ಬರೆ. ಒಣಗಿದ ಮೇಲೆ ಬರೆದದ್ದಕ್ಕೆ ‘ಒಣಗಾರೆ ಚಿತ್ರ’. ನನ್ನ ತಂದೆ ಗಾರೆ ಕೆಲಸದ ಮೇಸ್ತ್ರಿ, ಹಾಗಾಗಿ ಈ ಮಾತಿಗೆ ನಿಘಂಟು ತೆಗೆಯುವ ಅಗತ್ಯ ನನಗಿಲ್ಲ. ಅರಳಿಸಿದ ಸುಣ್ಣಕ್ಕೆ ಮರಳು ಕಲಸಿ ಗೋಡೆಗೆ ಮೆತ್ತಿದರೆ, ನೀರು ಆರುತ್ತಾ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ನೀರಿನಲ್ಲಿ ಕಲಸಿದ ಬಣ್ಣವನ್ನು ಆ ಹೊತ್ತಿನಲ್ಲಿ ಹಚ್ಚಿದರೆ ಅದೂ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಅಂಟು ಬೇಡ. ನಿನ್ನ ಫ್ರೆಸ್ಕೊದ ಗುಟ್ಟು ಇಷ್ಟೇ. ನಮ್ಮಲ್ಲಿ ‘ಹಸಿಗೋಡೆಯಲ್ಲಿ ಹರಳು ನೆಟ್ಟಂತೆ’ ಎಂದು ಯಾಕೆ ಹೇಳುತ್ತಾರೆ? ಚಿಕ್ಕಂದಿನಲ್ಲಿ ಕಲಿತದ್ದು ಬಿಟ್ಟುಹೋಗುವುದಿಲ್ಲ ಎಂಬುದಕ್ಕೆ. ಪ್ರವಾಸಿಗರಿಗೆ ಆ ಒಂದು ಗಾದೆ ಹೇಳು, ಉಳಿದದ್ದು ಅವರಿಗೇ ಹೊಳೆಯುತ್ತದೆ.

‘ಹಸಿಗೋಡೆ’ ಗಾದೆಗೆ ಸರಿ, ಪದಕ್ಕೆ ಬೇಡ. ನೀನು ಹೇಳುವ ಅದೇ ‘ತ್ರಿತ್ವ’ದ ಮುಂದೆ 1570ರ ಸುಮಾರಿಗೆ ವಸಾರಿ ಎಂಬ ಕಲಾವಿದ ಒಂದು ಬಲಿಪೀಠ ನಿಲ್ಲಿಸಿದ. ಚಿತ್ರ ಸುಮಾರು ಮುನ್ನೂರು ವರ್ಷ ಮರೆಯಲ್ಲಿತ್ತು. 1860ರ ಹೊತ್ತಿಗೆ ಅದು ಕಣ್ಣಿಗೆ ಬಿದ್ದಾಗ ಗೋಡೆಯಿಂದ ಬಿಡಿಸಿ ಬಾಗಿಲ ಬದಿಯ ಗೋಡೆಗೆ ಒಯ್ದರು. 1952ರಲ್ಲಿ ಮತ್ತೆ ಹಳೆಯ ಜಾಗಕ್ಕೇ ತಂದು, ಅಲ್ಲೇ ಉಳಿದಿದ್ದ ಅಸ್ಥಿಪಂಜರದ ಜೊತೆ ಸೇರಿಸಿದರು. ಗೋಡೆ ಬದಲಾಯಿಸಿದರೂ ಚಿತ್ರ ಉಳಿಯಿತಲ್ಲ! ಬಣ್ಣ ಹಿಡಿದುಕೊಂಡದ್ದು ಗೋಡೆಯನ್ನಲ್ಲ, ಗಾರೆಯನ್ನು.

ಹಿಂದಿಯಲ್ಲೂ ‘ಗಾರಾ’ ಇದೆ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ನನಗೆ ಗೊತ್ತಿದೆ. ರಾಜಸ್ಥಾನದವರು ಈ ಬಗೆಯ ಕೆಲಸವನ್ನು ‘ಆಲಾ ಗೀಲಾ’ ಎನ್ನುತ್ತಾರೆ. ಗೀಲಾ ಎಂದರೆ ಒದ್ದೆ. ಕೈಗೆ ಗಾರೆ ಮೆತ್ತಿಕೊಂಡವರಿಗೆಲ್ಲಾ ಹೊಳೆದದ್ದು ಅದೊಂದೇ ಗುಣ.

———

ಮೈಸೂರಿನಿಂದ

‘ಆರ್ದ್ರಭಿತ್ತಿಚಿತ್ರ’ ಎನ್ನಬಹುದಿತ್ತು.

———

ಬೆಂಗಳೂರಿನಿಂದ

ಎನ್ನಬಹುದು, ಉಸಿರು ಸಾಲುವವರು.

———

ಫ್ಲಾರೆನ್ಸಿನಿಂದ, ಗುರುವಾರ ರಾತ್ರಿ

ಅಮ್ಮಾ, ನಿಮ್ಮ ಪತ್ರ ಸರಿಯಾದ ಹೊತ್ತಿಗೆ ಬಂತು. ‘ಹಸಿಗಾರೆ ಚಿತ್ರ’ ಎಂದೇ ಅಚ್ಚಾಯಿತು. ಇಲ್ಲಿಯವರ ಬಾಯಲ್ಲಿ ಕೇಳಿದಾಗ ಗುರುತು ಸಿಗಲಿ ಎಂದು ಮೊದಲ ಸಲ ಮಾತ್ರ ‘ಇಲ್ಲಿ ಇದಕ್ಕೆ ಫ್ರೆಸ್ಕೊ ಎನ್ನುತ್ತಾರೆ’ ಎಂದು ಸೇರಿಸಿದೆ. ಕಟ್ಟಡಕ್ಕೆ ‘ಚರ್ಚ್’, ಮಂಗಳೂರಿನವರು ಕ್ಷಮಿಸಬೇಕು, ಮೈಸೂರು ಕಡೆಯವರಿಗೆ ಇಗರ್ಜಿ ಹೊಸದು. ಚಾಪೆಲ್ ಚಾಪೆಲ್ ಆಗಿಯೇ ಉಳಿಯಿತು.

ಶಿವಮೊಗ್ಗದವರಿಗೂ ಒಂದು ಪಾಲಿದೆ. ಚರ್ಚಿನ ಪಕ್ಕದ ಪ್ರಾಂಗಣಕ್ಕೆ ‘ಹಸಿರು ಪ್ರಾಂಗಣ’ ಎಂದೇ ಹೆಸರು. ಉಚ್ಚೆಲ್ಲೊ ಮತ್ತು ಇತರರು ಹಸಿರು ಮಣ್ಣಿನ ಬಣ್ಣವೊಂದನ್ನೇ ಮುಖ್ಯವಾಗಿ ಹಿಡಿದು ಅಲ್ಲಿಯ ಗೋಡೆಗಳಲ್ಲಿ ಬೈಬಲ್ಲಿನ ಕಥೆ ಬರೆದಿದ್ದಾರೆ. ಹಸಿಯ ಮೇಲೆ ಹಸಿರು, ಎರಡಕ್ಕೂ ಒಂದೇ ಬೇರು ಎಂದು ಹೇಳಿದೆ. ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಚೀಟಿಯಲ್ಲಿ ಬರೆದುಕೊಂಡರು.

ಬಲಿಪೀಠದ ಹಿಂದಿರುವ ತೋರ್ನಬುವೊನಿ ಚಾಪೆಲ್‌ನಲ್ಲಿ ತಂಡ ಅರ್ಧ ಗಂಟೆ ನಿಂತಿತು. 1485ರಿಂದ 1490ರವರೆಗೆ ಗಿರ್ಲಾಂದಾಯೊ ಮತ್ತು ಆತನ ಕಾರ್ಯಾಗಾರದವರು ಬರೆದದ್ದು. ಮರಿಯಳು ಹುಟ್ಟಿದ ಕೋಣೆಗೆ ಫ್ಲಾರೆನ್ಸಿನ ಸಿರಿವಂತ ಹೆಂಗಸರು ಜರಿಯ ಉಡುಗೆ ತೊಟ್ಟು ಮಗು ನೋಡಲು ಬರುತ್ತಾರೆ. ‘ಬಾಣಂತಿಯನ್ನು ನೋಡಲು ಬಂದವರು ಇಷ್ಟು ಒಡವೆ ಹಾಕಿಕೊಂಡು ಬರುತ್ತಾರೆಯೇ?’ ಎಂದು ಒಬ್ಬರು ಕೇಳಿದರು. ‘ನಿಮ್ಮ ನಾದಿನಿ ಬಂದಿರಲಿಲ್ಲವೇ?’ ಎಂದರು ಇನ್ನೊಬ್ಬರು. ಅಲ್ಲಿಂದ ಮುಂದೆ ನನ್ನ ಮಾತನ್ನು ಯಾರೂ ಕೇಳಲಿಲ್ಲ.

ಆದರೆ ಹೇಳಬೇಕಾದದ್ದು ಇದಲ್ಲ. ತಂಡದಲ್ಲಿ ನಂಜನಗೂಡಿನ ಕಡೆಯ ಹಿರಿಯರೊಬ್ಬರಿದ್ದರು, ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ‘ತ್ರಿತ್ವ’ದ ಮುಂದೆ ಗಾದೆ ಹೇಳಿ, ಫ್ರೆಸ್ಕೊದವರು ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಬಳಿಯುತ್ತಿದ್ದರು ಎಂದೆ. ‘ಮತ್ತೆ? ಉಳಿದದ್ದು ಒಣಗಿಹೋಗುವುದಿಲ್ಲವೇ?’ ಎಂದು ನನ್ನನ್ನೇ ಕೇಳಿದರು. ನನ್ನ ಮೊಬೈಲಿನಲ್ಲಿದ್ದ ಹತ್ತಿರದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಕಮಾನಿನ ಬಳಿ ಗಾರೆಯಲ್ಲೇ ಕೊರೆದ ಗೆರೆಗಳನ್ನು ತೋರಿಸಿದರು: ‘ಇದು ಗಾರೆ ಹಸಿಯಿದ್ದಾಗ ಎಳೆದ ಗೆರೆ. ಒಣಗಿದ ಮೇಲೆ ಎಳೆದಿದ್ದರೆ ಅಂಚು ಪುಡಿಯಾಗುತ್ತಿತ್ತು.’ ಮಸಾಚ್ಚೊ ದೂರನೋಟದ ಲೆಕ್ಕಕ್ಕೆ ನೂಲು, ಪಟ್ಟಿ ಹಿಡಿದು ಕೊರೆದ ಗೆರೆಗಳು ಅವು. ಮೂರು ವರ್ಷ ಇಲ್ಲಿ ಓದಿದ ನಾನು ಪುಸ್ತಕದಿಂದ ತಿಳಿದದ್ದನ್ನು ಅವರು ಬರಿಗಣ್ಣಿನಿಂದ ಹೇಳಿದರು.

ಕಾವಲಿಗೆ ನಿಂತಿದ್ದ ಹೆಂಗಸು ಇದನ್ನೆಲ್ಲಾ ನೋಡುತ್ತಿದ್ದಳು. ಅವರು ಯಾರು ಎಂದು ಕೇಳಿದಳು. ಕೆಲಸ ಹೇಳಿದೆ. ‘ಆಹ್, ಮಾಯೆಸ್ತ್ರೊ!’ ಎಂದಳು. ಹಿರಿಯರು ಥಟ್ಟನೆ ತಿರುಗಿ ನನ್ನನ್ನು ಕೇಳಿದರು: ‘ಮೇಸ್ತ್ರಿ ಎಂದರಲ್ಲವೇ?’

———

ಮಂಗಳೂರಿನಿಂದ

ಅಂದರು. ಪೋರ್ಚುಗೀಸಿನ ‘ಮೆಸ್ತ್ರೆ’ ನಮ್ಮ ಮೇಸ್ತ್ರಿಯಾಯಿತು. ಅದೂ ಇಟಲಿಯ ‘ಮಾಯೆಸ್ತ್ರೊ’ವೂ ಲ್ಯಾಟಿನ್ನಿನ ‘ಮಗಿಸ್ತೆರ್’ನಿಂದಲೇ ಹುಟ್ಟಿದವು. ಹಡಗಿನಲ್ಲಿ ಬಂದದ್ದರಲ್ಲಿ ಇದೂ ಒಂದು.

———

ಶಿವಮೊಗ್ಗದಿಂದ

ಸರಿ. ‘ಮೇಸ್ತ್ರಿ’ಗೆ ಕನ್ನಡದಲ್ಲಿ ಏನು? ಸೋಮವಾರದೊಳಗೆ ಬೇಕು.