‘ಲಾಬಿ’, ‘ಜೀವಪರ’, ‘ಬಂದೂಕು ಸುರಕ್ಷತೆ’: ಇವಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಮಾಸಪತ್ರಿಕೆಯೊಂದಕ್ಕೆ ಅಮೆರಿಕದ ರಾಜಕಾರಣದ ಬಗೆಗಿನ ಉದ್ದನೆಯ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಂದೂಕು ಮತ್ತು ಗರ್ಭಪಾತದ ವಿಚಾರದಲ್ಲಿ ಸಂಘಟಿತ ಗುಂಪುಗಳು ಅಲ್ಲಿನ ಜನಪ್ರತಿನಿಧಿಗಳನ್ನು ಹೇಗೆ ಕುಣಿಸುತ್ತವೆ ಎಂಬುದು ಅದರ ವಸ್ತು. ಕಠಿಣ ಪದಗಳನ್ನು ಹೇಗೋ ದಾಟಿದೆ. ಎಲ್ಲರಿಗೂ ಗೊತ್ತಿರುವ ಪದಗಳಲ್ಲಿ ಎಡವಿ ಬಿದ್ದಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಮೊದಲಿಗೆ ‘ಲಾಬಿ’. ಅದು ಕನ್ನಡದ್ದೇ ಆಗಿಹೋಗಿದೆ, ಅದಕ್ಕೇನು ಚರ್ಚೆ ಎನ್ನುತ್ತೀರಿ. ಆಗಿಹೋಗಿರುವುದೇ ನನ್ನ ಕಷ್ಟ. ಸಂಪುಟ ವಿಸ್ತರಣೆಯ ಗಾಳಿ ಬೀಸಿದ ಕೂಡಲೇ ‘ಸಚಿವ ಸ್ಥಾನಕ್ಕೆ ಲಾಬಿ ಜೋರು’ ಎಂದು ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ಲಾಬಿ ಎಂದರೆ ಶಾಸಕರೊಬ್ಬರು ದೆಹಲಿಯ ವಿಮಾನ ಹತ್ತುವುದು, ಮಠದಿಂದ ಒಂದು ಮಾತು ಹೇಳಿಸುವುದು, ಒಟ್ಟಿನಲ್ಲಿ ತನಗಾಗಿ ತಾನು ಓಡಾಡುವುದು. ಗಣಿ ಲಾಬಿ, ಮರಳು ಲಾಬಿ, ಮದ್ಯದ ಲಾಬಿ ಎಂದಾಗ ಅದೇ ಪದ ‘ಮಾಫಿಯಾ’ದ ತಮ್ಮನಾಗುತ್ತದೆ. ಎರಡು ಅರ್ಥದಲ್ಲೂ ಬಾಗಿಲು ಮುಚ್ಚಿದ ಕೋಣೆಯ ವಾಸನೆ ಇದೆ. ನಮ್ಮ ಹಳೆಯ ‘ವಶೀಲಿ’ಯನ್ನು ಇಂಗ್ಲಿಷ್ ಅಂಗಿ ತೊಡಿಸಿ ಕೂರಿಸಿದ್ದೇವೆ ಅನ್ನಿಸುತ್ತದೆ.

ಈಗ ಈ ಪದವನ್ನು ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿಗೆ ಅಂಟಿಸಿ ನೋಡಿ. ಅಂತರ್ಯುದ್ಧದಲ್ಲಿ ತಮ್ಮ ಸೈನಿಕರ ಗುರಿ ತೀರಾ ಕೆಟ್ಟದಾಗಿತ್ತು ಎಂದು ಬೇಸತ್ತ ಇಬ್ಬರು ಮಾಜಿ ಅಧಿಕಾರಿಗಳು 1871ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಸಂಘ ಅದು. 1934ರ ಬಂದೂಕು ಕಾಯ್ದೆಯ ವಿಚಾರಣೆಯಲ್ಲಿ ಅದರ ಅಧ್ಯಕ್ಷರೇ, ಕಂಡಕಂಡವರು ಬಂದೂಕು ಹೊತ್ತು ತಿರುಗುವುದು ಸಲ್ಲದು, ಪರವಾನಗಿ ಇರಬೇಕು ಎಂದಿದ್ದರು. 1977ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಸದಸ್ಯರ ಸಭೆ ಬೆಳಗಿನ ಜಾವದವರೆಗೂ ಎಳೆಯಿತು. ಮುಗಿಯುವ ಹೊತ್ತಿಗೆ ಹಳಬರು ಹೊರಗೆ, ಬಂದೂಕು ಹಕ್ಕಿನಲ್ಲಿ ರಾಜಿಯೇ ಇಲ್ಲ ಎನ್ನುವವರು ಒಳಗೆ. ಅಲ್ಲಿಂದಾಚೆಗೆ ಅದು ಶಾಸಕರಿಗೆ ಶಾಲಾ ಮಕ್ಕಳಂತೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಕೊಟ್ಟು, ಚುನಾವಣೆಗೆ ಮುಂಚೆ ಸದಸ್ಯರಿಗೆ ತಿಳಿಸುವ ಸಂಸ್ಥೆಯಾಯಿತು. ಅದರ ನಿಜವಾದ ಬಲ ಇರುವುದು ಆ ಅಂಕಪಟ್ಟಿಯಲ್ಲಿ. ಬಂದೂಕೊಂದನ್ನೇ ನೋಡಿ ಮತ ಹಾಕುವ ಕೆಲವು ಸಾವಿರ ಜನ ಒಂದು ಕ್ಷೇತ್ರದಲ್ಲಿದ್ದರೆ ಸಾಕು, ಉಳಿದವರ ಅಭಿಪ್ರಾಯ ಏನಿದ್ದರೇನು? ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಗೆ 20 ಮಕ್ಕಳು, 6 ಮಂದಿ ದೊಡ್ಡವರು ಸತ್ತ ಮೇಲೆ, ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯನ್ನು ವಿಸ್ತರಿಸುವ ಪ್ರಸ್ತಾಪ ಸೆನೆಟ್ಟಿಗೆ ಬಂತು. ಸಮೀಕ್ಷೆಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಅದರ ಪರವಾಗಿದ್ದರು. 2013ರ ಏಪ್ರಿಲ್‌ನಲ್ಲಿ ಅದಕ್ಕೆ 54 ಮತ ಬಿತ್ತು, ಬೇಕಿದ್ದದ್ದು 60.

ಇದನ್ನು ವಶೀಲಿ ಎನ್ನಲಾದೀತೆ? ಇಲ್ಲಿ ಗುಟ್ಟು ಎಂಬುದೇ ಕಡಿಮೆ. ಅಲ್ಲಿನ 1995ರ ಕಾಯ್ದೆಯಂತೆ ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು, ಲೆಕ್ಕ ಒಪ್ಪಿಸಬೇಕು. ಅಲ್ಲಿಯವರು ಇದಕ್ಕೆ ಆಧಾರವಾಗಿ ತೋರಿಸುವುದು ಸಂವಿಧಾನದ ಮೊದಲ ತಿದ್ದುಪಡಿಯನ್ನು: ಕುಂದುಕೊರತೆಗಳ ಪರಿಹಾರಕ್ಕಾಗಿ ಸರ್ಕಾರಕ್ಕೆ ಮನವಿ ಮಾಡಿಕೊಳ್ಳುವ ಹಕ್ಕು. ನಮ್ಮ ಮಾತಿನಲ್ಲಿ ಅದು ‘ಅಹವಾಲು’. ಅಂದರೆ ಅಲ್ಲಿ ಅಹವಾಲಿನಿಂದ ಹುಟ್ಟಿದ ಲಾಬಿ ಇಲ್ಲಿ ವಶೀಲಿಯ ಮನೆಯಲ್ಲಿ ಬೆಳೆದಿದೆ. ಅರಬ್ಬಿಯ ‘ಅಹ್ವಾಲ್’, ‘ವಸೀಲಾ’ ಎರಡೂ ನಮ್ಮಲ್ಲಿಗೆ ಬಂದು ಇಷ್ಟು ಬೇರೆ ಬೇರೆ ಬಣ್ಣ ಪಡೆದದ್ದು ನನಗೆ ಬೆರಗು.

ಪಠ್ಯಪುಸ್ತಕದ ‘ಒತ್ತಡ ಗುಂಪು’ ಸರಿಯಾದ ಪದ, ಆದರೆ ಜೀವವಿಲ್ಲ. ‘ಪಟ್ಟಭದ್ರ ಹಿತಾಸಕ್ತಿ’ಗೆ ಜೀವವಿದೆ, ಆದರೆ ಅದು ಪದವಾಗಿರುವುದಕ್ಕಿಂತ ಹೆಚ್ಚಾಗಿ ತೀರ್ಪು. ಮೂಲಕ್ಕೇ ಹೋಗೋಣವೆಂದರೆ, ಶಾಸನಸಭೆಯ ಲಾಬಿಗೆ, ಅಂದರೆ ಸದನದ ಹೊರಗಿನ ಪಡಸಾಲೆಗೆ, ನಮ್ಮಲ್ಲಿ ‘ಮೊಗಸಾಲೆ’ ಎಂಬ ಸೊಗಸಾದ ಪದವಿದೆ. ‘ಮೊಗಸಾಲೆ ಮಾತು’, ‘ಮೊಗಸಾಲೆ ಗುಂಪು’ ಎಂದರೆ ಹೇಗೆ? ನನ್ನ ಕಿವಿಗೆ ಹಿಡಿಸಿತು, ಮನೆಯವರು ನಕ್ಕರು. ಅಂದಹಾಗೆ, ಅಮೆರಿಕದ ಅಧ್ಯಕ್ಷ ಗ್ರ್ಯಾಂಟ್ ಹೋಟೆಲಿನ ಲಾಬಿಯಲ್ಲಿ ಚುಟ್ಟಾ ಸೇದುತ್ತಿದ್ದಾಗ ಜನ ಮುತ್ತಿಕೊಳ್ಳುತ್ತಿದ್ದರು, ಅದರಿಂದ ಈ ಪದ ಹುಟ್ಟಿತು ಎಂಬ ಕಥೆಯನ್ನು ದಯವಿಟ್ಟು ಯಾರೂ ಕಳಿಸಬೇಡಿ. ಅವರು ಅಧ್ಯಕ್ಷರಾದದ್ದು 1869ರಲ್ಲಿ. ಪದ ಅದಕ್ಕೂ ದಶಕಗಳ ಹಿಂದಿನಿಂದ ಈ ಅರ್ಥದಲ್ಲೇ ಬಳಕೆಯಲ್ಲಿತ್ತು.

ಎರಡನೆಯದು ಇನ್ನೂ ಸಿಕ್ಕು. ಗರ್ಭಪಾತವನ್ನು ವಿರೋಧಿಸುವವರು ಅಲ್ಲಿ ತಮ್ಮನ್ನು ‘ಪ್ರೊ ಲೈಫ್’ ಎಂದು ಕರೆದುಕೊಳ್ಳುತ್ತಾರೆ. ಪದಕ್ಕೆ ಪದ ಇಟ್ಟರೆ ‘ಜೀವಪರ’. ಆದರೆ ಕನ್ನಡದಲ್ಲಿ ಜೀವಪರ ಎಂದರೆ ಯಾರು? ‘ಜನಪರ, ಜೀವಪರ ಚಿಂತಕರು’ ಎಂದು ಸಭೆಯ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುವ ನಮ್ಮ ಪ್ರಗತಿಪರ ಸಾಹಿತಿಗಳು. ಅವರಲ್ಲಿ ಹೆಚ್ಚಿನವರು ಈ ವಿವಾದದಲ್ಲಿ ಎದುರು ಬಣದಲ್ಲಿ ನಿಲ್ಲುವವರು. ‘ಜೀವಪರ ಗುಂಪುಗಳು ಟ್ರಂಪ್ ಅವರನ್ನು ಬೆಂಬಲಿಸಿದವು’ ಎಂದು ಬರೆದರೆ ಓದುಗರು ಪತ್ರಿಕೆಯನ್ನು ತಿರುಗಿಸಿ ನೋಡುತ್ತಾರೆ.

ಸರಿ, ‘ಭ್ರೂಣಹತ್ಯೆ ವಿರೋಧಿಗಳು’ ಎಂದರೆ? ಆಗ ನಮ್ಮ ಮನಸ್ಸು ನೇರವಾಗಿ ಹೆಣ್ಣು ಭ್ರೂಣಹತ್ಯೆಗೆ, 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಗೆ ಹೋಗುತ್ತದೆ. ಅಲ್ಲಿನ ದೊಡ್ಡ ಸಂಘಟನೆಯೊಂದು 1968ರಿಂದ ‘ಜೀವಿಸುವ ಹಕ್ಕು’ ಎಂಬ ಹೆಸರಿನಲ್ಲೇ ಕೆಲಸ ಮಾಡುತ್ತಿದೆ. ನಮ್ಮಲ್ಲಾದರೋ ಅದು ಸಂವಿಧಾನದ 21ನೆಯ ವಿಧಿ. ಹೆರುವ ಅಥವಾ ಹೆರದಿರುವ ಆಯ್ಕೆ ಹೆಣ್ಣಿನ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಅದೇ ವಿಧಿಯ ಅಡಿಯಲ್ಲಿ. ಒಂದೇ ಮಾತು, ಎರಡು ದೇಶಗಳಲ್ಲಿ ಎದುರು ಬದುರು ಸಾಕ್ಷಿ ನುಡಿಯುತ್ತಿದೆ.

ಎದುರು ಬಣದವರೂ ಕಡಿಮೆಯಿಲ್ಲ. 1969ರಲ್ಲಿ ‘ಗರ್ಭಪಾತ ಕಾನೂನುಗಳ ರದ್ದತಿ’ಗಾಗಿ ಎಂದು ಹೆಸರಿನಲ್ಲೇ ಸಾರಿಕೊಂಡು ಹುಟ್ಟಿದ ಸಂಘ, ಗರ್ಭಪಾತ ಸಂವಿಧಾನದತ್ತ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ 1973ರ ‘ರೋ’ ತೀರ್ಪಿನ ನಂತರ ‘ಗರ್ಭಪಾತ ಹಕ್ಕು’ ಎಂದಿತು; 2003ರಲ್ಲಿ ‘ಆಯ್ಕೆಪರ’ ಎಂಬುದನ್ನು ಸೇರಿಸಿಕೊಂಡಿತು. ಆ ತೀರ್ಪನ್ನು 2022ರ ಜೂನ್ 24ರಂದು ಸುಪ್ರೀಂ ಕೋರ್ಟೇ ತಳ್ಳಿಹಾಕಿದ ಮರುವರ್ಷ ಅದು ‘ಎಲ್ಲರಿಗೂ ಸಂತಾನ ಸ್ವಾತಂತ್ರ್ಯ’ ಎಂಬರ್ಥದ ಹೆಸರಿಗೆ ಬದಲಾಯಿತು. ಗರ್ಭಪಾತ ಎಂಬ ಪದವೇ ಫಲಕದಿಂದ ಮಾಯ. ‘ಆಯ್ಕೆಪರ’ ನನಗೆ ಸೀರೆ ಅಂಗಡಿಯ ಜಾಹೀರಾತಿನಂತೆ ಕೇಳಿಸುತ್ತದೆ. ‘ಗರ್ಭಪಾತ ಪರ’ ಎಂದರೆ ಅವರಿಗೆ ಅನ್ಯಾಯ. ಅವರು ಬೇಡುತ್ತಿರುವುದು ಹಕ್ಕನ್ನು.

‘ಗರ್ಭಪಾತ’ವೂ ಚೊಕ್ಕ ಪದವೇನಲ್ಲ. ನಮ್ಮ ಮನೆಗಳಲ್ಲಿ ತಾನಾಗಿ ಆದದ್ದಕ್ಕೂ ‘ಅಬಾರ್ಷನ್ ಆಯಿತು’ ಎನ್ನುತ್ತಾರೆ; ‘ಆಯಿತು’, ‘ಮಾಡಿಸಿಕೊಂಡಳು’ ಎಂಬ ಕ್ರಿಯಾಪದವೇ ವ್ಯತ್ಯಾಸ ತಿಳಿಸಬೇಕು. ಬೆಳಗಾವಿಯ ಸವಿತಾ ಹಾಲಪ್ಪನವರ್ ಅವರ ವಿಷಯ ಬರೆಯುವಾಗ ಇದು ನನ್ನ ಕೈ ಕಟ್ಟಿತು. ಐರ್ಲೆಂಡಿನ ಗಾಲ್ವೆಯಲ್ಲಿದ್ದ ಆ ದಂತವೈದ್ಯೆಗೆ 17ನೆಯ ವಾರದಲ್ಲಿ ಗರ್ಭಸ್ರಾವ ಖಚಿತವಾಗಿತ್ತು. ಅವರು ಗರ್ಭಪಾತ ಕೇಳಿದರು. ಭ್ರೂಣದ ಎದೆಬಡಿತ ಇದೆಯೆಂದು ಆಸ್ಪತ್ರೆಯವರು ನಿರಾಕರಿಸಿದರು. ಸವಿತಾ ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಎರಡು ಕಡೆಯೂ ‘ಗರ್ಭಪಾತ’ ಎಂದು ಬರೆದರೆ ಆ ದುರಂತವೇ ಅರ್ಥವಾಗುವುದಿಲ್ಲ. ಆ ನಿರಾಕರಣೆಯ ಹಿಂದಿದ್ದದ್ದು, ಹುಟ್ಟದ ಮಗುವಿಗೂ ತಾಯಿಯಷ್ಟೇ ಜೀವಿಸುವ ಹಕ್ಕು ಕೊಟ್ಟ 1983ರ ಎಂಟನೆಯ ತಿದ್ದುಪಡಿ; ಅದೂ ಇಂಥದೇ ಗುಂಪುಗಳ ಕೂಟವೊಂದು ಪಕ್ಷಗಳ ಮೇಲೆ ಬಿದ್ದು ಐರ್ಲೆಂಡಿನ ಸಂವಿಧಾನಕ್ಕೆ ಸೇರಿಸಿದ್ದು. 2018ರ ಮೇ ತಿಂಗಳ ಜನಮತಗಣನೆ ಅದನ್ನು ತೆಗೆದುಹಾಕಿತು. ಈ ಭಾಗ ಮೂಲ ಲೇಖನದಲ್ಲಿ ಅಡಿಟಿಪ್ಪಣಿ ಮಾತ್ರ. ನಾನು ಅದನ್ನು ಮೇಲಕ್ಕೆ ತಂದಿದ್ದೇನೆ, ಅನುವಾದಕನ ಅಧಿಕಪ್ರಸಂಗ ಎಂದುಕೊಳ್ಳಿ.

ಮೂರನೆಯದು ತಮಾಷೆಯದು. ‘ಬಂದೂಕು ನಿಯಂತ್ರಣ’ ಎಂದರೆ ಜನ ಬೆದರುತ್ತಾರೆಂದು ಅದನ್ನು ಬಯಸುವವರು ಈಗೀಗ ‘ಗನ್ ಸೇಫ್ಟಿ’ ಎನ್ನುತ್ತಾರೆ. ‘ಬಂದೂಕು ಸುರಕ್ಷತೆ’ ಎಂದು ಬರೆದರೆ ಬಂದೂಕನ್ನು ಎಣ್ಣೆ ಹಚ್ಚಿ ಕಪಾಟಿನಲ್ಲಿ ಭದ್ರವಾಗಿಡುವ ಹಾಗೆ ಕೇಳುತ್ತದೆ. ಬಂದೂಕಿನ ಸುರಕ್ಷತೆಯೋ, ಬಂದೂಕಿನಿಂದ ಸುರಕ್ಷತೆಯೋ? ಸಮಾಸ ಮಾಡಿದ ಕೂಡಲೇ ವಿಭಕ್ತಿ ಕಳಚಿ, ಅದರ ಜೊತೆ ರಾಜಕೀಯವೂ ಕಳಚಿಬೀಳುತ್ತದೆ. ‘ಕೋವಿ ಹಕ್ಕು’ ಎಂಬ ಚೆಂದದ ಪದ ಕೈಗೆ ಸಿಕ್ಕಿತ್ತು; ಆದರೆ ಅದು ಕೊಡಗಿನ ಪರವಾನಗಿ ವಿನಾಯಿತಿಯ ಜೊತೆ ಬೆಸೆದುಕೊಂಡಿದೆ, ಟೆಕ್ಸಾಸಿಗೆ ಸಾಗಿಸಲು ಮನಸ್ಸು ಬರಲಿಲ್ಲ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು: ಗುಂಪಿಗೆ ‘ಒತ್ತಡ ಗುಂಪು’, ಅದು ಮಾಡುವ ಕೆಲಸಕ್ಕೆ ‘ಲಾಬಿ’. ಗರ್ಭಪಾತದ ಎರಡು ಬಣಗಳಿಗೆ ‘ಗರ್ಭಪಾತ ವಿರೋಧಿಗಳು’ ಮತ್ತು ‘ಗರ್ಭಪಾತ ಹಕ್ಕಿನ ಪರ ಇರುವವರು’; ಅವರವರೇ ಇಟ್ಟುಕೊಂಡ ಹೆಸರುಗಳು ಉದ್ಧರಣ ಚಿಹ್ನೆಯೊಳಗೆ ಒಮ್ಮೆ ಮಾತ್ರ. ತಾನಾಗಿ ಆದದ್ದು ಕಡ್ಡಾಯವಾಗಿ ‘ಗರ್ಭಸ್ರಾವ’. ‘ಗನ್ ಸೇಫ್ಟಿ’ಗೆ ಇನ್ನೂ ಜಾಗ ಖಾಲಿ ಬಿಟ್ಟಿದ್ದೇನೆ.

ಉಳಿದಿರುವುದು ಲಾಬಿ ಮಾಡುವ ಮನುಷ್ಯ. ‘ಲಾಬಿಗಾರ’ ಎಂದರೆ ಹಾಡುಗಾರ, ಮಾತುಗಾರರ ಸಾಲಿನಲ್ಲಿ ಗೌರವವಾಗಿ ಕೂರುತ್ತಾನೆ. ‘ಲಾಬಿಕೋರ’ ಎಂದರೆ ಲಂಚಕೋರ, ದಗಾಕೋರರ ಪಕ್ಕಕ್ಕೆ ಹೋಗುತ್ತಾನೆ. ಪಾರ್ಸಿಯಲ್ಲಿ ‘ಖೋರ್’ ಎಂದರೆ ತಿನ್ನುವವನು ತಾನೆ. ಪ್ರತ್ಯಯ ಆರಿಸಿದರೆ ಪಕ್ಷ ಆರಿಸಿದಂತೆ. ಎರಡರ ನಡುವೆ ನಿಲ್ಲುವ ಪದ ನಿಮ್ಮ ಊರಿನ ಮಾತಿನಲ್ಲಿ, ಹಳೆಯ ಪತ್ರಿಕೆಗಳಲ್ಲಿ, ಕೋರ್ಟು ಕಚೇರಿಯ ಕಾಗದಗಳಲ್ಲಿ ಸಿಕ್ಕಿದ್ದರೆ ತಿಳಿಸಿ. ಸೋಮವಾರ ಪ್ರತಿ ಒಪ್ಪಿಸಬೇಕು. ಅಷ್ಟರೊಳಗೆ ಏನೂ ಬರದಿದ್ದರೆ ‘ಲಾಬಿಗಾರ’ ಎಂದೇ ಅಚ್ಚಾಗುತ್ತದೆ, ಆಮೇಲೆ ಬೈಯಬೇಡಿ.