‘ಶಿ ಫಾಂಡ್ ಆಫ್ ಯಕ್ಷಗಾನ’ ಅಂದರೆ ತಪ್ಪೇನು?

ಪ್ರಶ್ನೆ (ಶಿರಸಿಯಿಂದ)

ಮಗಳು ಎಂಟನೇ ಕ್ಲಾಸು. ಅಮ್ಮಮ್ಮನ ಮೇಲೆ ಇಂಗ್ಲಿಷ್ ಪ್ರಬಂಧ ಬರೆದಿದ್ದಳು. ‘ಶಿ ಫಾಂಡ್ ಆಫ್ ಯಕ್ಷಗಾನ’, ‘ಶಿ ಫಾಂಡ್ ಟು ವಾಚ್ ಆಲ್ ನೈಟ್’ ಅನ್ನೋ ಎರಡು ಸಾಲಿಗೂ ಕೆಂಪು ಗೆರೆ ಬಿದ್ದಿದೆ. ಸರಿಯಾದದ್ದು ಯಾವುದು ಅಂತ ಪಕ್ಕದಲ್ಲಿ ಬರೆದಿಲ್ಲ.

ಸುಮ್ನೆ ‘ಲೈಕ್ಸ್’ ಅಂತ ಹಾಕು ಅಂದೆ. ‘ಅದು ಸಾಕಾಗಲ್ಲ ಅಮ್ಮ’ ಅಂದಳು. ಅವಳ ಮಾತು ನಿಜ. ನನ್ನ ಅಮ್ಮನಿಗೆ ಮಂಡಿನೋವು ಜಾಸ್ತಿ. ಆದರೂ ಆಟ ಇದೆ ಅಂದರೆ ಕಂಬಳಿ ಹೊದ್ದು, ಕಷಾಯದ ಫ್ಲಾಸ್ಕ್ ಇಟ್ಟುಕೊಂಡು ಬೆಳಗಿನವರೆಗೂ ಕೂರುತ್ತಾರೆ. ಚಂಡೆ ಕೇಳಿದರೆ ಬೆರಳು ತಾನಾಗಿ ತೊಡೆ ಮೇಲೆ ತಾಳ ಹಾಕುತ್ತದೆ. ಇದನ್ನು ಸರಿಯಾಗಿ ಹೇಳೋದು ಹೇಗೆ?

ಉತ್ತರ 1 (ಕಾರವಾರ)

‘ಫಾಂಡ್’ ಕ್ರಿಯಾಪದ ಅಲ್ಲ, ‘ಹ್ಯಾಪಿ’ ಥರ ಗುಣ ಹೇಳುವ ಪದ. ‘ಶಿ ಹ್ಯಾಪಿ’ ಅನ್ನೋದಿಲ್ಲ, ಅಲ್ವಾ? ಹಾಗೇ ಇಲ್ಲೂ ‘ಈಸ್’ ಬೇಕು: ‘ಶಿ ಈಸ್ ಫಾಂಡ್ ಆಫ್ ಯಕ್ಷಗಾನ’. ನಾವು ‘ಅಮ್ಮಮ್ಮನಿಗೆ ಆಟ ಇಷ್ಟ’ ಅಂತೀವಿ. ಅಲ್ಲಿ ಕ್ರಿಯಾಪದವೇ ಇಲ್ಲ. ಆ ರೂಢಿಯಲ್ಲೇ ‘ಈಸ್’ ಬಿಟ್ಟುಹೋಗುತ್ತದೆ. ಮಗುವನ್ನು ಬೈಬೇಡಿ.

ಎರಡನೆಯದಕ್ಕೆ ‘ಟು ವಾಚ್’ ಬರೋದಿಲ್ಲ, ‘ಫಾಂಡ್ ಆಫ್ ವಾಚಿಂಗ್’ ಆಗಬೇಕು. ‘ವೆರಿ’ ಕೂಡ ಸೇರಿಸಬಹುದು. ‘ವೆರಿ ಲೈಕ್ಸ್’ ಮಾತ್ರ ಆಗದು.

ಉತ್ತರ 2 (ಕುಮಟಾ)

ಮಗಳು ‘ಲೈಕ್’ ಸಾಲದು ಅಂದದ್ದು ನನಗೆ ತುಂಬ ಹಿಡಿಸಿತು. ಇವತ್ತು ಅಂಗಡಿಯಲ್ಲಿ ಕಂಡ ಸೀರೆಗೆ ‘ಲೈಕ್’ ಸಾಕು. ಇಪ್ಪತ್ತು ವರ್ಷ ಉಟ್ಟು ಮೆತ್ತಗಾದ ಸೀರೆ ಇದೆಯಲ್ಲ, ಅದಕ್ಕೆ ‘ಫಾಂಡ್’. ಬಳಕೆಯಿಂದ ಬಂದ ಅಕ್ಕರೆ ಅದರಲ್ಲಿದೆ. ಇನ್ನೊಂದು ಮಾತು. ಹಳೇ ಇಂಗ್ಲಿಷಿನಲ್ಲಿ ‘ಫಾಂಡ್’ ಅಂದರೆ ಮರುಳು, ಬುದ್ಧಿ ಕಮ್ಮಿ ಅಂತ ಇತ್ತು. ಆಮೇಲೆ ಪ್ರೀತಿಯ ಕಡೆ ತಿರುಗಿತು. ನಮ್ಮಲ್ಲೂ ‘ಆಟದ ಹುಚ್ಚು’ ಅಂತೀವಲ್ಲ!

ಪ್ರಶ್ನೆ ಕೇಳಿದವಳು

ಇಬ್ಬರಿಗೂ ಧನ್ಯವಾದ. ಮನುಷ್ಯರಿಗೂ ಹೇಳಬಹುದಾ? ‘ಐ ಆಮ್ ವೆರಿ ಫಾಂಡ್ ಆಫ್ ಹರ್’ ಅಂತ ಪ್ರಬಂಧ ಮುಗಿಸ್ತಾಳಂತೆ.

ಉತ್ತರ 1 (ಕಾರವಾರ)

ಧಾರಾಳವಾಗಿ. ಅಜ್ಜಿ, ಅತ್ತೆ, ಮೇಷ್ಟ್ರು, ಹಳೇ ಗೆಳತಿ, ಎಲ್ಲರಿಗೂ ಒಪ್ಪುತ್ತದೆ. ಮದುವೆಯಾಗೋ ಹುಡುಗನಿಗೆ ಮಾತ್ರ ಸ್ವಲ್ಪ ತಣ್ಣಗೆ ಕೇಳಿಸುತ್ತದೆ. ಅಮ್ಮಮ್ಮನಿಗೆ ಅದಕ್ಕಿಂತ ಒಳ್ಳೆ ಸಾಲು ಬೇಡ. ಅವರಿಗೆ ಓದಿ ಹೇಳಲಿ.